ಹಾರ್ಮೋನು ಎಲ್ಲಿ ಹೋಗಿ ನಿಲ್ಲುತ್ತದೆ? ಓದುಗರ ಪ್ರಶ್ನೆಗಳಿಗೆ ಉತ್ತರ

ಈಸ್ಟ್ರೋಜನ್, ಕಾರ್ಟಿಸಾಲ್‌ನಂಥ ಸ್ಟಿರಾಯ್ಡ್ ಹಾರ್ಮೋನುಗಳಿಗೆ ದೇಹದಲ್ಲಿ ಗ್ರಾಹಕಗಳಿವೆ ಎಂಬುದನ್ನು ಮೊದಲು ತೋರಿಸಿಕೊಟ್ಟ ಅಮೆರಿಕದ ವಿಜ್ಞಾನಿ ಎಲ್ವುಡ್ ಜೆನ್ಸನ್ ಅವರ ಬಗ್ಗೆ ಕಳೆದ ಸಂಚಿಕೆಯ ಅಂಕಣದಲ್ಲಿ ನಾಲ್ಕು ಸಾಲು ಬರೆದಿದ್ದೆ. ಅದನ್ನು ಓದಿದ ಹಲವರು ವಿಷಯವನ್ನು ಅಷ್ಟಕ್ಕೇ ಬಿಟ್ಟದ್ದು ಸರಿಯಲ್ಲವೆಂದು ಪತ್ರ ಬರೆದಿದ್ದಾರೆ. ಅವರ ಆಕ್ಷೇಪ ನ್ಯಾಯವಾದದ್ದು. ಬಂದ ಪ್ರಶ್ನೆಗಳಲ್ಲಿ ಒಂದೇ ಎಳೆಗೆ ಸೇರುವಂಥವನ್ನು ಆರಿಸಿಕೊಂಡು ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅವಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: "ಸ್ಟಿರಾಯ್ಡ್ ಹಾರ್ಮೋನು ಜೀವಕೋಶದೊಳಗಿನ ಗ್ರಾಹಕವನ್ನು ಸೇರಿ ಜೀನುಗಳನ್ನು ಚಾಲನೆಗೊಳಿಸುತ್ತದೆ" ಎಂದು ನಮ್ಮ ಪಠ್ಯದಲ್ಲಿ ಒಂದೇ ವಾಕ್ಯವಿದೆ. ಕಣ್ಣಿಗೆ ಕಾಣದ ಇಂಥದೊಂದು ವಸ್ತು ಇದೆಯೆಂದು ಮೊದಲು ಗೊತ್ತಾದದ್ದು ಹೇಗೆ?
— ಬಿ.ಎಸ್ಸಿ. ವಿದ್ಯಾರ್ಥಿನಿ, ಧಾರವಾಡ

ಉತ್ತರ: ಮೊದಲು ಪದದ ಬಗ್ಗೆ ಒಂದು ಮಾತು. ಅಂಗಡಿಗೆ ಬರುವ ಗಿರಾಕಿಯನ್ನೂ ನಾವು ಗ್ರಾಹಕ ಎನ್ನುವುದರಿಂದ ವಿದ್ಯಾರ್ಥಿಗಳಿಗೆ ಈ ಪದ ಗೊಂದಲ ಉಂಟುಮಾಡುತ್ತದೆ. ಇಲ್ಲಿ ಅದು ಗ್ರಹಿಸುವುದು, ಹಿಡಿದುಕೊಳ್ಳುವುದು ಎಂಬ ಮೂಲಾರ್ಥದಲ್ಲಿ ಬಂದಿದೆ. ರಕ್ತದಲ್ಲಿ ಹರಿದು ಬರುವ ನೂರಾರು ಬಗೆಯ ಅಣುಗಳ ನಡುವೆ ತನಗೆ ಸಂಬಂಧಿಸಿದ ಹಾರ್ಮೋನನ್ನು ಗುರುತಿಸಿ ಹಿಡಿದಿಟ್ಟುಕೊಳ್ಳುವ ಪ್ರೋಟೀನಿಗೆ ಗ್ರಾಹಕವೆಂದು ಹೆಸರು.

ಕಳೆದ ಶತಮಾನದ ಮೊದಲ ಅರ್ಧದಲ್ಲಿ ವಿಜ್ಞಾನಿಗಳ ಶ್ರಮವೆಲ್ಲ ಹಾರ್ಮೋನುಗಳನ್ನು ಬೇರ್ಪಡಿಸಿ ಅವುಗಳ ರಚನೆಯನ್ನು ತಿಳಿಯುವುದಕ್ಕೇ ಹೋಯಿತು. ಅದು ಎಷ್ಟು ಕಷ್ಟದ ಕೆಲಸವಾಗಿತ್ತು ಎಂಬುದಕ್ಕೆ ಒಂದು ಉದಾಹರಣೆ ಸಾಕು. 1930ರ ದಶಕದಲ್ಲಿ ಎಡ್ವರ್ಡ್ ಡಾಯ್ಸಿ ಮತ್ತು ಅವರ ಸಹೋದ್ಯೋಗಿಗಳು ಹೆಣ್ಣು ಹಂದಿಗಳ ಸುಮಾರು 4 ಟನ್ ಅಂಡಾಶಯಗಳನ್ನು ಸಂಸ್ಕರಿಸಿದಾಗ ಅವರ ಕೈಗೆ ದಕ್ಕಿದ ಈಸ್ಟ್ರಡಯಾಲ್ ಬರೀ 12 ಮಿಲಿಗ್ರಾಂ. ಈಸ್ಟ್ರೋಜನ್ ಎಂಬ ಸ್ತ್ರೀ ಹಾರ್ಮೋನುಗಳ ಗುಂಪಿನಲ್ಲಿ ಈಸ್ಟ್ರಡಯಾಲ್ ಅತ್ಯಂತ ಪ್ರಬಲವಾದದ್ದು. 1950ರ ದಶಕ ಬರುವ ಹೊತ್ತಿಗೆ ಅದರ ಒಂದೊಂದು ಪರಮಾಣು ಎಲ್ಲಿದೆಯೆಂದು ಗೊತ್ತಿತ್ತು. ಅದನ್ನು ಎಳೆಯ ಹೆಣ್ಣಿಲಿಗೆ ಚುಚ್ಚಿದರೆ ಗರ್ಭಕೋಶ ಬೆಳೆಯುತ್ತದೆಂದೂ ಗೊತ್ತಿತ್ತು. ಇವೆರಡರ ನಡುವೆ ಏನು ನಡೆಯುತ್ತದೆ ಎಂಬುದು ಮಾತ್ರ ಗೊತ್ತಿರಲಿಲ್ಲ.

ಆಗ ಬಹುತೇಕ ಎಲ್ಲರೂ ಒಪ್ಪಿದ್ದ ವಿವರಣೆಯೊಂದಿತ್ತು. ಈಸ್ಟ್ರಡಯಾಲ್ ಗರ್ಭಕೋಶದೊಳಗೆ ಕಿಣ್ವಗಳ ಕೈಗೆ ಸಿಕ್ಕಿ ಈಸ್ಟ್ರೋನ್ ಎಂಬ ಇನ್ನೊಂದು ರೂಪಕ್ಕೆ ಬದಲಾಗುತ್ತದೆ, ಮತ್ತೆ ಹಿಂದಿನ ರೂಪಕ್ಕೆ ಮರಳುತ್ತದೆ, ಹೀಗೆ ಹಿಂದೆ ಮುಂದೆ ಬದಲಾಗುವಾಗ ಜಲಜನಕವನ್ನು ಒಂದು ಸಹಕಿಣ್ವದಿಂದ ಇನ್ನೊಂದಕ್ಕೆ ದಾಟಿಸಿ ಜೀವಕೋಶದ ಬೆಳವಣಿಗೆಗೆ ಬೇಕಾದ ರಾಸಾಯನಿಕ ಬಲವನ್ನು ಒದಗಿಸುತ್ತದೆ ಎಂಬುದು ಆ ವಿವರಣೆ. ಕಿಣ್ವಗಳ ಅಧ್ಯಯನ ಉತ್ತುಂಗದಲ್ಲಿದ್ದ ಆ ಕಾಲದಲ್ಲಿ ಹಾಗೆ ಯೋಚಿಸಿದ್ದು ಅಸಹಜವೇನಲ್ಲ.

ಎಲ್ವುಡ್ ಜೆನ್ಸನ್ ಹುಟ್ಟಿದ್ದು 1920ರಲ್ಲಿ, ಅಮೆರಿಕದ ನಾರ್ತ್ ಡಕೋಟ ರಾಜ್ಯದ ಫಾರ್ಗೊ ಊರಿನಲ್ಲಿ. ಅವರು ವೈದ್ಯರಲ್ಲ, ಸಾವಯವ ರಸಾಯನಶಾಸ್ತ್ರದಲ್ಲಿ ಶಿಕಾಗೊ ವಿಶ್ವವಿದ್ಯಾಲಯದಿಂದ 1944ರಲ್ಲಿ ಡಾಕ್ಟರೇಟ್ ಪಡೆದವರು. ಆಮೇಲೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ, ಸ್ಟಿರಾಯ್ಡುಗಳ ರಸಾಯನದಲ್ಲಿ ಹೆಸರಾಗಿದ್ದ ಲಿಯೊಪೋಲ್ಡ್ ರುಜಿಕಾ ಅವರ ಬಳಿ ಒಂದು ವರ್ಷ ಕಲಿತು, 1947ರಲ್ಲಿ ಶಿಕಾಗೊಗೆ ಮರಳಿ ಚಾರ್ಲ್ಸ್ ಹಗ್ಗಿನ್ಸ್ ಎಂಬ ಶಸ್ತ್ರವೈದ್ಯರ ತಂಡವನ್ನು ಸೇರಿದರು. ಜ್ಯೂರಿಕ್‌ನಲ್ಲಿದ್ದಾಗ, ಪರ್ವತಾರೋಹಣದ ಅನುಭವ ಹೆಚ್ಚೇನೂ ಇಲ್ಲದಿದ್ದರೂ, ಅವರು ಮ್ಯಾಟರ್‌ಹಾರ್ನ್ ಶಿಖರವನ್ನು ಏರಿದ್ದರು. ಆ ಶಿಖರವನ್ನು ಇಟಲಿಯ ಕಡೆಯಿಂದ ಹತ್ತಲು ಹಲವು ಬಾರಿ ಯತ್ನಿಸಿ ಸೋತ ಎಡ್ವರ್ಡ್ ವಿಂಪರ್, 1865ರಲ್ಲಿ ಯಾರೂ ನೆಚ್ಚದಿದ್ದ ಸ್ವಿಸ್ ಕಡೆಯ ದಾರಿಯನ್ನು ಹಿಡಿದಾಗ ಗೆದ್ದರು. ತಮ್ಮ ಸಂಶೋಧನೆಯ ಬಗ್ಗೆ ಮಾತನಾಡುವಾಗ ಜೆನ್ಸನ್ ಈ ಪ್ರಸಂಗವನ್ನು ನೆನೆಯುತ್ತಿದ್ದರು. ಹಾರ್ಮೋನು ಅಂಗಾಂಶಕ್ಕೆ ಏನು ಮಾಡುತ್ತದೆ ಎಂದು ಎಲ್ಲರೂ ಕೇಳುತ್ತಿದ್ದಾಗ ಅವರು ಪ್ರಶ್ನೆಯನ್ನೇ ತಿರುಗಿಸಿ, ಅಂಗಾಂಶವು ಹಾರ್ಮೋನಿಗೆ ಏನು ಮಾಡುತ್ತದೆ ಎಂದು ಕೇಳಿಕೊಂಡರು. ನನ್ನ ಮಟ್ಟಿಗೆ ಇಡೀ ಕಥೆಯ ಜೀವಾಳ ಇರುವುದು ಈ ತಿರುವಿನಲ್ಲೇ.

ಈ ಪ್ರಶ್ನೆಗೆ ಉತ್ತರ ಬೇಕಾದರೆ ದೇಹದೊಳಗೆ ಹೋದ ಹಾರ್ಮೋನನ್ನು ಬೆನ್ನುಹತ್ತಬೇಕು. ಜೆನ್ಸನ್ ಮತ್ತು ಅವರ ಸಹೋದ್ಯೋಗಿ ಹರ್ಬರ್ಟ್ ಜೇಕಬ್ಸನ್ ಇದಕ್ಕಾಗಿ ಜಲಜನಕದ ವಿಕಿರಣಶೀಲ ರೂಪವಾದ ಟ್ರಿಷಿಯಂ ಅನ್ನು ಈಸ್ಟ್ರಡಯಾಲ್ ಅಣುವಿಗೆ ಸೇರಿಸಿದರು. ಹಾಗೆ ಗುರುತು ಹಾಕಿದ ಹಾರ್ಮೋನನ್ನು, ದೇಹದಲ್ಲಿ ಸಹಜವಾಗಿ ಕೆಲಸ ಮಾಡುವಷ್ಟೇ ಅತ್ಯಲ್ಪ ಪ್ರಮಾಣದಲ್ಲಿ, ಎಳೆಯ ಹೆಣ್ಣಿಲಿಗಳಿಗೆ ಚುಚ್ಚಿ, ಗಂಟೆಗಳ ಅಂತರದಲ್ಲಿ ಬೇರೆ ಬೇರೆ ಅಂಗಗಳಲ್ಲಿ ವಿಕಿರಣವನ್ನು ಅಳೆದರು. ಪಿತ್ತಜನಕಾಂಗ, ಮೂತ್ರಪಿಂಡ, ರಕ್ತಗಳಲ್ಲಿ ಅದು ಬೇಗ ಏರಿ ಬೇಗ ಇಳಿಯಿತು. ಗರ್ಭಕೋಶ, ಯೋನಿ ಮತ್ತು ಪಿಟ್ಯುಟರಿ ಗ್ರಂಥಿಯ ಮುಂಭಾಗದಲ್ಲಿ ಮಾತ್ರ, ರಕ್ತದಲ್ಲಿನ ಪ್ರಮಾಣ ಇಳಿದ ಮೇಲೂ ಬಹಳ ಹೊತ್ತು ಉಳಿಯಿತು. ಈಸ್ಟ್ರೋಜನ್‌ಗೆ ಪ್ರತಿಕ್ರಿಯಿಸಿ ಬೆಳೆಯುವ ಅಥವಾ ಬದಲಾಗುವ ಅಂಗಗಳೆಂದು ಮೊದಲೇ ಗೊತ್ತಿದ್ದವು ಇವೇ. ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಗರ್ಭಕೋಶದಿಂದ ಮರಳಿ ತೆಗೆದು ಪರೀಕ್ಷಿಸಿದಾಗ ಈಸ್ಟ್ರಡಯಾಲ್ ಈಸ್ಟ್ರಡಯಾಲ್ ಆಗಿಯೇ ಇತ್ತು, ಕಿಣ್ವಗಳು ಅದನ್ನು ಬದಲಾಯಿಸಿರಲಿಲ್ಲ. ಎಂದರೆ ಹಾರ್ಮೋನು ಅಲ್ಲಿ ಕಚ್ಚಾವಸ್ತುವಾಗಿ ಬಳಕೆಯಾಗುವುದಿಲ್ಲ. ಅದನ್ನು ಹಿಡಿದು ನಿಲ್ಲಿಸುವ ಯಾವುದೋ ಒಂದು ಘಟಕ ಆ ಅಂಗಾಂಶಗಳಲ್ಲಿದೆ.

ಈ ಫಲಿತಾಂಶವನ್ನು ಜೆನ್ಸನ್ 1958ರಲ್ಲಿ ವಿಯೆನ್ನಾದಲ್ಲಿ ನಡೆದ ಅಂತಾರಾಷ್ಟ್ರೀಯ ಜೀವರಸಾಯನಶಾಸ್ತ್ರ ಸಮ್ಮೇಳನದಲ್ಲಿ ಮಂಡಿಸಿದಾಗ ಕೇಳಲು ಬಂದಿದ್ದವರು ಬೆರಳೆಣಿಕೆಯ ಜನ, ಅವರಲ್ಲೂ ಹೆಚ್ಚಿನವರು ಅದೇ ಗೋಷ್ಠಿಯಲ್ಲಿ ಮಾತನಾಡಲಿದ್ದವರು. ಅದೇ ಹೊತ್ತಿಗೆ ಇನ್ನೊಂದು ಸಭಾಂಗಣದಲ್ಲಿ ಸ್ಟಿರಾಯ್ಡುಗಳ ಕಿಣ್ವ ಸಿದ್ಧಾಂತದ ಗೋಷ್ಠಿ ನಡೆದಿತ್ತು. ಅಲ್ಲಿ ಸಾವಿರಕ್ಕೂ ಹೆಚ್ಚು ಜನ ಸೇರಿದ್ದರು.

ಹಿಡಿದು ನಿಲ್ಲಿಸುವ ಆ ಘಟಕ ಒಂದು ಪ್ರೋಟೀನು ಎಂಬುದು ಇಲಿನಾಯ್ ವಿಶ್ವವಿದ್ಯಾಲಯದ ಡೇವಿಡ್ ಟಾಫ್ಟ್ ಮತ್ತು ಜ್ಯಾಕ್ ಗೊರ್ಸ್ಕಿ ಅವರ 1966ರ ಕೆಲಸದಿಂದ ಸ್ಪಷ್ಟವಾಯಿತು. 1968ರ ವೇಳೆಗೆ ಜೆನ್ಸನ್ ತಂಡವೂ ಗೊರ್ಸ್ಕಿ ತಂಡವೂ ಹೆಚ್ಚುಕಡಿಮೆ ಒಂದೇ ಚಿತ್ರಕ್ಕೆ ಬಂದಿದ್ದವು: ಹಾರ್ಮೋನು ಬಂದು ಸೇರಿದೊಡನೆ ಗ್ರಾಹಕದ ಆಕಾರ ಬದಲಾಗುತ್ತದೆ, ಆಮೇಲೆ ಅವೆರಡೂ ಕೂಡಿ ಕೋಶಕೇಂದ್ರವನ್ನು ಹೊಕ್ಕು ಜೀನುಗಳ ಮೇಲೆ ಕೆಲಸ ಮಾಡುತ್ತವೆ. ಪರೀಕ್ಷೆಗೆ ಓದುತ್ತಿರುವ ನಿಮಗೆ ಇಲ್ಲೊಂದು ತಿದ್ದುಪಡಿಯನ್ನು ಹೇಳಲೇಬೇಕು. ಈಸ್ಟ್ರೋಜನ್ ಗ್ರಾಹಕವು ಹಾರ್ಮೋನು ಬರುವ ಮೊದಲೇ ಬಹುಪಾಲು ಕೋಶಕೇಂದ್ರದಲ್ಲಿಯೇ ಇರುತ್ತದೆಂದು 1984ರಲ್ಲಿ ತಿಳಿಯಿತು. ಹಾಗೆ ತೋರಿಸಿದ ಪ್ರಯೋಗಗಳಲ್ಲಿ ಒಂದು ಶಿಕಾಗೊದಲ್ಲೇ, ಜೆನ್ಸನ್ ಅವರೊಡನೆ ಕೆಲಸ ಮಾಡಿದ್ದ ಜೆಫ್ರಿ ಗ್ರೀನ್ ಅವರ ಕೈಯಿಂದ ನಡೆದದ್ದು. ಕಾರ್ಟಿಸಾಲ್ ಹಾರ್ಮೋನಿನ ಗ್ರಾಹಕದ ಮಟ್ಟಿಗೆ ಹಳೆಯ ಚಿತ್ರ ಇಂದಿಗೂ ಸರಿ; ಅದು ಕೋಶಕೇಂದ್ರದ ಹೊರಗಿನ ಕೋಶರಸದಲ್ಲಿದ್ದು, ಹಾರ್ಮೋನು ಬಂದ ಮೇಲೆಯೇ ಕೇಂದ್ರಕ್ಕೆ ಸಾಗುತ್ತದೆ. ಹಲವು ಪಠ್ಯಪುಸ್ತಕಗಳು ಎಲ್ಲ ಸ್ಟಿರಾಯ್ಡುಗಳಿಗೂ ಒಂದೇ ಚಿತ್ರವನ್ನು ಬರೆದುಬಿಡುತ್ತವೆ, ಅದು ಸರಿಯಲ್ಲ.

ಪ್ರಶ್ನೆ: ವಿಕಿರಣಶೀಲ ಇಂಗಾಲ ಆಗಲೇ ಬಳಕೆಯಲ್ಲಿತ್ತಲ್ಲವೇ? ಟ್ರಿಷಿಯಂ ಏಕೆ ಬೇಕಾಯಿತು?
— ನಿವೃತ್ತ ರಸಾಯನಶಾಸ್ತ್ರ ಉಪನ್ಯಾಸಕರು, ಉಡುಪಿ

ಉತ್ತರ: ಪ್ರಮಾಣದ ಕಾರಣಕ್ಕೆ. ಹೆಣ್ಣಿನ ರಕ್ತದ ಒಂದು ಮಿಲಿಲೀಟರಿನಲ್ಲಿ ಈಸ್ಟ್ರಡಯಾಲ್ ಇರುವುದು ಪಿಕೊಗ್ರಾಂಗಳ ಲೆಕ್ಕದಲ್ಲಿ, ಅಂದರೆ ಒಂದು ಗ್ರಾಮನ್ನು ಲಕ್ಷ ಕೋಟಿ ಪಾಲು ಮಾಡಿದರೆ ಬರುವ ಪಾಲುಗಳ ಕೆಲವು ಹತ್ತು ಅಥವಾ ಕೆಲವು ನೂರರ ಲೆಕ್ಕದಲ್ಲಿ. ಇಂಗಾಲ-14ರ ಅರ್ಧಾಯು, ಅಂದರೆ ಅದರ ಪರಮಾಣುಗಳಲ್ಲಿ ಅರ್ಧದಷ್ಟು ಕ್ಷಯಿಸಲು ಬೇಕಾದ ಕಾಲ, 5,700 ವರ್ಷಗಳಷ್ಟು ದೀರ್ಘ. ಅಷ್ಟು ನಿಧಾನವಾಗಿ ಕ್ಷಯಿಸುವ ಗುರುತನ್ನು ಹಾಕಿದರೆ, ಇಷ್ಟು ಕಡಿಮೆ ಹಾರ್ಮೋನು ಸೂಸುವ ವಿಕಿರಣ ಅಂದಿನ ಎಣಿಕೆ ಯಂತ್ರಗಳಿಗೆ ಸಿಗುತ್ತಿರಲಿಲ್ಲ. ಎಣಿಕೆಗೆ ಸಿಗಲೆಂದು ಹೆಚ್ಚು ಹಾರ್ಮೋನು ಕೊಟ್ಟರೆ ಗ್ರಾಹಕಗಳೆಲ್ಲ ಭರ್ತಿಯಾಗಿ, ಉಳಿದದ್ದು ಎಲ್ಲೆಂದರಲ್ಲಿ ಹರಡಿ, ಗರ್ಭಕೋಶಕ್ಕೂ ಮಾಂಸಖಂಡಕ್ಕೂ ವ್ಯತ್ಯಾಸವೇ ತಿಳಿಯದೆ ಹೋಗುತ್ತಿತ್ತು. ಟ್ರಿಷಿಯಂನ ಅರ್ಧಾಯು 12.3 ವರ್ಷ, ಆದ್ದರಿಂದ ಅದರ ಅಷ್ಟೇ ಸಂಖ್ಯೆಯ ಪರಮಾಣುಗಳಿಂದ ನೂರಾರು ಪಟ್ಟು ಹೆಚ್ಚು ಎಣಿಕೆ ದೊರೆಯುತ್ತದೆ. ಜೆನ್ಸನ್ ಮತ್ತು ಜೇಕಬ್ಸನ್ ಈಸ್ಟ್ರಡಯಾಲ್‌ನ 6 ಮತ್ತು 7ನೆಯ ಇಂಗಾಲಗಳ ನಡುವೆ ಜೋಡಿಬಂಧವಿದ್ದ ಸಂಯುಕ್ತವನ್ನು ತೆಗೆದುಕೊಂಡು, ಸಾಧಾರಣ ಜಲಜನಕದ ಬೆರಕೆಯಿಲ್ಲದ ಟ್ರಿಷಿಯಂ ಅನಿಲದಿಂದ ಅದನ್ನು ಅಪಕರ್ಷಿಸಿದರು, ಅಂದರೆ ಜೋಡಿಬಂಧವನ್ನು ಬಿಡಿಸಿ ಅಲ್ಲಿ ಟ್ರಿಷಿಯಂ ಕೂರಿಸಿದರು. ಅಷ್ಟು ಸಣ್ಣ ಪ್ರಮಾಣದಲ್ಲಿ ಆ ಕ್ರಿಯೆ ನಡೆಸಲು ಬೇಕಾದ ಉಪಕರಣವನ್ನೂ ತಾವೇ ಕಟ್ಟಿಕೊಂಡರು. ರಸಾಯನಶಾಸ್ತ್ರಜ್ಞನ ಕೈಚಳಕವಿಲ್ಲದೆ ಜೀವಶಾಸ್ತ್ರದ ಈ ಬಾಗಿಲು ತೆರೆಯುತ್ತಿರಲಿಲ್ಲ ಎಂಬುದು ನಿಮ್ಮಂಥವರಿಗೆ ಸಂತೋಷ ಕೊಡುವ ವಿಷಯವೆಂದು ಭಾವಿಸುತ್ತೇನೆ.

ಪ್ರಶ್ನೆ: ಜೆನ್ಸನ್ ಅವರಿಗೆ ನೊಬೆಲ್ ಬಂತೇ?
— ಓದುಗರು, ಕಲಬುರಗಿ

ಉತ್ತರ: ಬರಲಿಲ್ಲ. ಅವರ ಹಿರಿಯರಾದ ಹಗ್ಗಿನ್ಸ್ ಅವರಿಗೆ ಪ್ರಾಸ್ಟೇಟ್ ಕ್ಯಾನ್ಸರಿನ ಹಾರ್ಮೋನು ಚಿಕಿತ್ಸೆಗಾಗಿ 1966ರಲ್ಲಿ ಬಂತು. ಜೆನ್ಸನ್ ಅವರಿಗೆ 2004ರಲ್ಲಿ ಫ್ರಾನ್ಸಿನ ಪಿಯರ್ ಶಾಂಬೋನ್ ಮತ್ತು ಅಮೆರಿಕದ ರೊನಾಲ್ಡ್ ಇವಾನ್ಸ್ ಅವರೊಡನೆ, ವೈದ್ಯಕೀಯ ಸಂಶೋಧನೆಗೆ ಅಮೆರಿಕದಲ್ಲಿ ಕೊಡುವ ಲಾಸ್ಕರ್ ಪ್ರಶಸ್ತಿ ಸಂದಿತು. ಗ್ರಾಹಕಗಳ ಜೀನುಗಳನ್ನು 1985–86ರ ಸುಮಾರಿಗೆ ಬೇರ್ಪಡಿಸಿ ಓದಿದಾಗ, ಈಸ್ಟ್ರೋಜನ್, ಪ್ರೊಜೆಸ್ಟರಾನ್, ಕಾರ್ಟಿಸಾಲ್, ಥೈರಾಯ್ಡ್ ಹಾರ್ಮೋನು, ಎ ಮತ್ತು ಡಿ ಜೀವಸತ್ವ ಇವೆಲ್ಲವುಗಳ ಗ್ರಾಹಕಗಳು ಒಂದೇ ವಂಶಕ್ಕೆ ಸೇರಿದವೆಂದು ಕಂಡುಬಂತು. ಮನುಷ್ಯರಲ್ಲಿ ಈ ವಂಶದ 48 ಜೀನುಗಳಿವೆ. ಜೆನ್ಸನ್ ಇಳಿವಯಸ್ಸಿನಲ್ಲೂ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಸಂಶೋಧನೆ ಮುಂದುವರಿಸಿದ್ದರು. 2012ರ ಡಿಸೆಂಬರಿನಲ್ಲಿ, 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅವರಿಗೆ ನೊಬೆಲ್ ಸಲ್ಲಬೇಕಿತ್ತು ಎಂದು ಹೇಳಲು ನನಗೆ ಹಿಂಜರಿಕೆಯಿಲ್ಲ.

ಪ್ರಶ್ನೆ: ನಮ್ಮ ತಾಯಿಯವರಿಗೆ 61 ವರ್ಷ. ಸ್ತನದ ಗಂಟಿನ ಬಯಾಪ್ಸಿ ವರದಿಯಲ್ಲಿ "ಇಆರ್ ಪಾಸಿಟಿವ್" ಎಂದು ಬಂದಿದೆ. ಪಾಸಿಟಿವ್ ಎಂದರೆ ರೋಗ ಜಾಸ್ತಿಯಾಗಿದೆ ಎಂದು ಮನೆಯಲ್ಲಿ ಎಲ್ಲರೂ ಹೆದರಿದ್ದೇವೆ. ನೀವು ಬರೆದ ಗ್ರಾಹಕಕ್ಕೂ ಇದಕ್ಕೂ ಸಂಬಂಧವಿದೆಯೇ?
— ಮಗಳು, ಮೈಸೂರು

ಉತ್ತರ: ನೇರ ಸಂಬಂಧವಿದೆ. ನೀವು ಹೆದರಿದ ಅರ್ಥ ಮಾತ್ರ ಆ ಪದಕ್ಕಿಲ್ಲ. ಇಆರ್ ಎಂದರೆ ಈಸ್ಟ್ರೋಜನ್ ರಿಸೆಪ್ಟರ್, ಅಂದರೆ ಜೆನ್ಸನ್ ಗುರುತಿಸಿದ ಅದೇ ಗ್ರಾಹಕ. ನಿಮ್ಮ ತಾಯಿಯವರ ಗಡ್ಡೆಯ ಜೀವಕೋಶಗಳಲ್ಲಿ ಅದು ಇದೆ ಎಂದಷ್ಟೇ ವರದಿ ಹೇಳುತ್ತಿದೆ. ಪರೀಕ್ಷಿಸಿದ ಕ್ಯಾನ್ಸರ್ ಕೋಶಗಳಲ್ಲಿ ಶೇಕಡಾ 1ರಷ್ಟರಲ್ಲಿ ಕಂಡರೂ ಪಾಸಿಟಿವ್ ಎಂದೇ ಬರೆಯುತ್ತಾರೆ. ಎಷ್ಟು ಶೇಕಡಾ ಎಂಬುದನ್ನೂ ವರದಿಯಲ್ಲಿ ಸಾಮಾನ್ಯವಾಗಿ ನಮೂದಿಸಿರುತ್ತಾರೆ, ಅದನ್ನು ನೋಡಿಕೊಳ್ಳಿ. ಜಗತ್ತಿನ ಸ್ತನ ಕ್ಯಾನ್ಸರುಗಳಲ್ಲಿ ಸುಮಾರು ಮುಕ್ಕಾಲು ಪಾಲು ಇದೇ ಬಗೆಯವು, ನಮ್ಮ ದೇಶದಲ್ಲಿ ಈ ಪಾಲು ಸ್ವಲ್ಪ ಕಡಿಮೆ. ಇದು ರೋಗದ ಹಂತವನ್ನು ಹೇಳುವ ಮಾತಲ್ಲ, ಚಿಕಿತ್ಸೆಯ ದಾರಿಯನ್ನು ಹೇಳುವ ಮಾತು. ಆ ದಾರಿಗಳಲ್ಲಿ ಒಂದು ಹೆಚ್ಚಿನ ದಾರಿ ನಿಮ್ಮ ತಾಯಿಯವರಿಗೆ ತೆರೆದಿದೆ.

ಹಿನ್ನೆಲೆಯನ್ನು ತಿಳಿದರೆ ಇದರ ಬೆಲೆ ಅರ್ಥವಾಗುತ್ತದೆ. ಅಂಡಾಶಯಗಳನ್ನು ತೆಗೆದರೆ ಕೆಲವು ಹೆಂಗಸರ ಸ್ತನ ಕ್ಯಾನ್ಸರ್ ಕರಗುತ್ತದೆಂದು ಗ್ಲಾಸ್ಗೊ ನಗರದ ಜಾರ್ಜ್ ಬೀಟ್ಸನ್ 1896ರಲ್ಲೇ ವರದಿ ಮಾಡಿದ್ದರು. ಮುಟ್ಟು ನಿಂತ ಮೇಲೆ ದೇಹದಲ್ಲಿ ಉಳಿಯುವ ಈಸ್ಟ್ರೋಜನ್‌ಗೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳ ಸ್ರಾವವೇ ಮೂಲವಾದ್ದರಿಂದ, ಹಗ್ಗಿನ್ಸ್ 1950ರ ದಶಕದಲ್ಲಿ ಆ ಗ್ರಂಥಿಗಳನ್ನೂ ತೆಗೆಯತೊಡಗಿದರು. ಅದು ಬಹಳ ಕಠಿಣವಾದ ಶಸ್ತ್ರಚಿಕಿತ್ಸೆ. ಅದರಿಂದ ಗುಣ ಕಂಡವರು ಸುಮಾರು ಮೂವರಲ್ಲಿ ಒಬ್ಬರು. ಉಳಿದ ಇಬ್ಬರು ಎರಡೂ ಗ್ರಂಥಿಗಳನ್ನು ಕಳೆದುಕೊಂಡು, ಬದುಕಿರುವಷ್ಟು ಕಾಲ ಔಷಧವನ್ನು ಅವಲಂಬಿಸಿ, ಪ್ರಯೋಜನವನ್ನು ಮಾತ್ರ ಕಾಣುತ್ತಿರಲಿಲ್ಲ. ಆ ಒಬ್ಬರು ಯಾರೆಂದು ಮುಂಚಿತವಾಗಿ ತಿಳಿಯುವ ದಾರಿಯೇ ಇರಲಿಲ್ಲ. ಗಡ್ಡೆಯ ತುಣುಕಿನಲ್ಲಿ ಗ್ರಾಹಕವನ್ನು ಅಳೆದರೆ ಅದು ಗೊತ್ತಾಗಬಹುದೆಂದು ಜೆನ್ಸನ್ ಊಹಿಸಿದರು, ಮತ್ತು 1971ರಲ್ಲಿ ಹಾಗೆಯೇ ಆಗುತ್ತದೆಂದು ತೋರಿಸಿದರು. ಗ್ರಾಹಕ ಇಲ್ಲದ ಗಡ್ಡೆಗಳು ಗ್ರಂಥಿ ತೆಗೆದರೂ ಕರಗುತ್ತಿದ್ದದ್ದು ತೀರ ಅಪರೂಪ. ಅಸಂಖ್ಯ ಹೆಂಗಸರು ವ್ಯರ್ಥವಾದ ಶಸ್ತ್ರಚಿಕಿತ್ಸೆಯಿಂದ ಪಾರಾದದ್ದು ಈ ಒಂದು ಪರೀಕ್ಷೆಯಿಂದ. ಮುಂದೆ ಜೆಫ್ರಿ ಗ್ರೀನ್ ಅವರೊಡನೆ ಜೆನ್ಸನ್ ಈ ಗ್ರಾಹಕವನ್ನು ಗುರುತಿಸಿ ಅಂಟಿಕೊಳ್ಳುವ ಪ್ರೋಟೀನುಗಳನ್ನು, ಅಂದರೆ ಪ್ರತಿಕಾಯಗಳನ್ನು, ರೂಪಿಸಿದರು. ಇಂದು ಪ್ರಯೋಗಾಲಯಗಳಲ್ಲಿ ಗಡ್ಡೆಯ ತೆಳುವಾದ ಪದರಕ್ಕೆ ಬಣ್ಣ ಹಾಕಿ ಗ್ರಾಹಕವನ್ನು ನೋಡುವ ವಿಧಾನ ಅಲ್ಲಿಂದ ಬೆಳೆದದ್ದು.

ಇಂದು ಗ್ರಂಥಿ ತೆಗೆಯಬೇಕಾಗಿಲ್ಲ, ಗುಳಿಗೆಗಳಿವೆ. ಟಾಮಾಕ್ಸಿಫೆನ್ ಈಸ್ಟ್ರೋಜನ್ ಕೂರಬೇಕಾದ ಜಾಗದಲ್ಲಿ ತಾನು ಕೂತು ಗಡ್ಡೆಯ ಬೆಳವಣಿಗೆಯನ್ನು ತಡೆಯುತ್ತದೆ. ಲೆಟ್ರೊಜೋಲ್, ಅನಾಸ್ಟ್ರೊಜೋಲ್‌ಗಳು ಗ್ರಾಹಕವನ್ನು ಮುಟ್ಟುವುದಿಲ್ಲ, ಈಸ್ಟ್ರೋಜನ್ ತಯಾರಾಗುವುದನ್ನೇ ನಿಲ್ಲಿಸುತ್ತವೆ. ಮುಟ್ಟು ನಿಂತವರಿಗೆ ವೈದ್ಯರು ಹೆಚ್ಚಾಗಿ ಕೊಡುವುದು ಈ ಎರಡನೆಯ ಬಗೆಯನ್ನು. ಗ್ರಾಹಕವಿರುವ ಕ್ಯಾನ್ಸರನ್ನು ಆರಂಭದ ಹಂತದಲ್ಲೇ ಗುರುತಿಸಿ, ಐದು ವರ್ಷ ಬಿಡದೆ ಟಾಮಾಕ್ಸಿಫೆನ್ ತೆಗೆದುಕೊಂಡವರಲ್ಲಿ ಆ ರೋಗದಿಂದಾಗುವ ಸಾವು ಸುಮಾರು ಮೂರನೇ ಒಂದರಷ್ಟು ಕಡಿಮೆಯಾಗಿದೆ. ಐದು ವರ್ಷ ದೀರ್ಘವೆನಿಸುತ್ತದೆ, ನಡುವೆ ಆರಾಮವಾಗಿದ್ದೇನೆಂದು ಬಿಟ್ಟುಬಿಡುವವರು ಬಹಳ. ದಯವಿಟ್ಟು ನಿಮ್ಮ ತಾಯಿಯವರನ್ನು ಹಾಗೆ ಬಿಡಲು ಬಿಡಬೇಡಿ. ಟಾಮಾಕ್ಸಿಫೆನ್ ಕೊಟ್ಟಲ್ಲಿ ಇನ್ನೊಂದು ಎಚ್ಚರ ಬೇಕು. ಅದೇ ಔಷಧ ಗರ್ಭಕೋಶದ ಒಳಪದರದಲ್ಲಿ ಸ್ವಲ್ಪಮಟ್ಟಿಗೆ ಈಸ್ಟ್ರೋಜನ್‌ನಂತೆಯೇ ವರ್ತಿಸುವುದರಿಂದ, ಮುಟ್ಟು ನಿಂತವರಿಗೆ ಮತ್ತೆ ರಕ್ತ ಕಾಣಿಸಿದರೆ, ಎಷ್ಟೇ ಕಡಿಮೆಯಿದ್ದರೂ, ತಡಮಾಡದೆ ವೈದ್ಯರಿಗೆ ತಿಳಿಸಬೇಕು.

ಪ್ರಶ್ನೆ: ಮದುವೆಯಾಗಿ ನಾಲ್ಕು ವರ್ಷವಾಯಿತು. ಅಂಡಾಣು ಬಿಡುಗಡೆಯಾಗುತ್ತಿಲ್ಲವೆಂದು ಡಾಕ್ಟರು ಕ್ಲೋಮಿಫೀನ್ ಗುಳಿಗೆ ಬರೆದುಕೊಟ್ಟಿದ್ದಾರೆ. ಅದು ಈಸ್ಟ್ರೋಜನ್ ವಿರೋಧಿ ಔಷಧವೆಂದು ಔಷಧಿ ಅಂಗಡಿಯಲ್ಲಿ ಕೇಳಿ ತಿಳಿಯಿತು. ಸ್ತ್ರೀ ಹಾರ್ಮೋನನ್ನು ತಡೆಯುವ ಔಷಧದಿಂದ ಗರ್ಭ ನಿಲ್ಲುವುದು ಹೇಗೆ?
— ಹೆಸರು ಬೇಡ, ಶಿವಮೊಗ್ಗ ಜಿಲ್ಲೆ

ಉತ್ತರ: ಡಾಕ್ಟರು ಸರಿಯಾದ ಔಷಧವನ್ನೇ ಕೊಟ್ಟಿದ್ದಾರೆಯೇ ಎಂಬ ಸಂಶಯ ನಿಮ್ಮ ಪತ್ರದುದ್ದಕ್ಕೂ ಕಾಣುತ್ತದೆ. ಆ ಸಂಶಯವನ್ನು ಬಿಟ್ಟುಬಿಡಿ, ಈ ಔಷಧವನ್ನು 1960ರ ದಶಕದಿಂದ ಇದೇ ಉದ್ದೇಶಕ್ಕೆ ಬಳಸುತ್ತಿದ್ದಾರೆ.

ಮಿದುಳಿನ ಬುಡದಲ್ಲಿರುವ ಹೈಪೊಥಲಾಮಸ್ ರಕ್ತದಲ್ಲಿ ಈಸ್ಟ್ರೋಜನ್ ಎಷ್ಟಿದೆಯೆಂಬುದನ್ನು ಸದಾ ಗಮನಿಸುತ್ತಿರುತ್ತದೆ. ಅದು ಗಮನಿಸುವುದು ತನ್ನಲ್ಲಿರುವ ಗ್ರಾಹಕಗಳ ಮೂಲಕವೇ. ಈಸ್ಟ್ರೋಜನ್ ಸಾಕಷ್ಟಿದೆಯೆಂದು ಅದಕ್ಕೆ ತೋರಿದರೆ, ಅಂಡಾಶಯವನ್ನು ಪ್ರಚೋದಿಸುವಂತೆ ಪಿಟ್ಯುಟರಿ ಗ್ರಂಥಿಗೆ ಕಳಿಸುವ ಸಂಕೇತವನ್ನು ತಗ್ಗಿಸುತ್ತದೆ. ಕ್ಲೋಮಿಫೀನ್ ಆ ಗ್ರಾಹಕಗಳಲ್ಲಿ ಕೂತು ಈಸ್ಟ್ರೋಜನ್‌ಗೆ ಜಾಗವಿಲ್ಲದಂತೆ ಮಾಡುತ್ತದೆ. ರಕ್ತದಲ್ಲಿ ಹಾರ್ಮೋನು ಇದ್ದರೂ ಹೈಪೊಥಲಾಮಸ್‌ಗೆ ಅದು ಇಲ್ಲವೆಂದೇ ತೋರಿ, ಅದು ಸಂಕೇತವನ್ನು ಹೆಚ್ಚಿಸುತ್ತದೆ. ಪಿಟ್ಯುಟರಿಯಿಂದ ಎಫ್‌ಎಸ್‌ಎಚ್ ಹಾರ್ಮೋನು ಹೆಚ್ಚಾಗಿ ಬಂದು ಅಂಡಾಶಯದಲ್ಲಿ ಅಂಡಾಣುವನ್ನು ಹೊತ್ತ ಕೋಶಿಕೆ ಬೆಳೆಯುತ್ತದೆ. ಗುಳಿಗೆಯನ್ನು ಋತುಚಕ್ರದ ಆರಂಭದ ಭಾಗದಲ್ಲಿ ಐದು ದಿನ ಮಾತ್ರ ಕೊಟ್ಟು ನಿಲ್ಲಿಸುವುದು ಇದೇ ಕಾರಣಕ್ಕೆ. ನಿಲ್ಲಿಸಿದ ಮೇಲೆ ಬೆಳೆದ ಕೋಶಿಕೆ ತಾನೇ ಈಸ್ಟ್ರೋಜನ್ ಸ್ರವಿಸಿ ಮುಂದಿನ ಹಂತವನ್ನು ನಡೆಸುತ್ತದೆ. ಒಮ್ಮೊಮ್ಮೆ ಒಂದಕ್ಕಿಂತ ಹೆಚ್ಚು ಕೋಶಿಕೆ ಬೆಳೆಯುವುದರಿಂದ, ಈ ಔಷಧದಿಂದ ಗರ್ಭ ಧರಿಸಿದ ನೂರರಲ್ಲಿ ಏಳೆಂಟು ಹೆಂಗಸರಿಗೆ ಅವಳಿ ಮಕ್ಕಳಾಗುತ್ತವೆ. ಡಾಕ್ಟರು ಸ್ಕ್ಯಾನ್‌ಗೆ ಬರಹೇಳಿದ ದಿನ ತಪ್ಪಿಸಬಾರದು. ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡಾಣು ಬಿಡುಗಡೆ ಕ್ರಮ ತಪ್ಪುವ ತೊಂದರೆ) ಇರುವವರಿಗೆ ಈಗ ಲೆಟ್ರೊಜೋಲನ್ನೇ ಮೊದಲು ಕೊಡುವ ಪದ್ಧತಿ ಬಂದಿದೆ. ನಿಮಗೆ ಅದು ಇದೆಯೇ ಎಂದು ಡಾಕ್ಟರನ್ನೇ ಕೇಳಬಹುದು, ಕೇಳುವುದರಲ್ಲಿ ಸಂಕೋಚ ಬೇಡ.

ಒಂದೇ ಅಣು ಒಂದು ಕಡೆ ತಡೆಯೂ ಇನ್ನೊಂದು ಕಡೆ ನೆರವೂ ಆಗುವ ಈ ಗುಣ ಬಹಳ ಜನರನ್ನು ದಾರಿ ತಪ್ಪಿಸಿದೆ. ಮೇಲೆ ಹೇಳಿದ ಟಾಮಾಕ್ಸಿಫೆನ್ ಇಂಗ್ಲೆಂಡಿನ ಐಸಿಐ ಕಂಪನಿಯ ಪ್ರಯೋಗಾಲಯದಲ್ಲಿ 1962ರಲ್ಲಿ ಡೋರಾ ರಿಚರ್ಡ್‌ಸನ್ ಎಂಬ ರಸಾಯನಶಾಸ್ತ್ರಜ್ಞೆಯ ಕೈಯಲ್ಲಿ ತಯಾರಾದಾಗ, ಅದರಿಂದ ನಿರೀಕ್ಷಿಸಿದ್ದು ಗರ್ಭನಿರೋಧಕವನ್ನು. ಇಲಿಗಳಲ್ಲಿ ಅದು ಗರ್ಭವನ್ನು ತಡೆಯಿತು. ಹೆಂಗಸರಲ್ಲಿ ಅಂಡಾಣು ಬಿಡುಗಡೆಯನ್ನು ಪ್ರಚೋದಿಸಿತು! ಕ್ಯಾನ್ಸರಿನ ಔಷಧವಾಗಿ ಅದಕ್ಕೆ ಎರಡನೆಯ ಬದುಕು ಸಿಕ್ಕಿದ್ದು ಆಮೇಲೆ. ಗರ್ಭನಿರೋಧಕವೆಂಬ ಆ ಮೊದಲ ಆಸೆಯನ್ನು ಇನ್ನೊಂದು ಅಣುವಿನಿಂದ ಈಡೇರಿಸಿದವರು ನಮ್ಮವರು. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ರೂಪಿಸಿದ ಆರ್ಮೆಲಾಕ್ಸಿಫೆನ್, 1991ರಿಂದ "ಸಹೇಲಿ" ಎಂಬ ಹೆಸರಿನಲ್ಲಿ ಸಿಗುತ್ತಿದೆ. ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ "ಛಾಯಾ" ಎಂದು ಉಚಿತವಾಗಿ ಕೊಡುವ ಗುಳಿಗೆಯೂ ಅದೇ. ಮೊದಲ ಮೂರು ತಿಂಗಳು ವಾರಕ್ಕೆ ಎರಡು, ಆಮೇಲೆ ವಾರಕ್ಕೆ ಒಂದು. ಅದು ಸ್ಟಿರಾಯ್ಡ್ ಅಲ್ಲ, ಸಾಮಾನ್ಯವಾಗಿ ಅಂಡಾಣು ಬಿಡುಗಡೆಯನ್ನೂ ನಿಲ್ಲಿಸುವುದಿಲ್ಲ. ಗರ್ಭಕೋಶದ ಗ್ರಾಹಕಗಳನ್ನು ಹಿಡಿದು, ಭ್ರೂಣ ನೆಲೆಯೂರಲು ಬೇಕಾದ ಸಿದ್ಧತೆ ಒಳಪದರದಲ್ಲಿ ನಡೆಯದಂತೆ ಮಾಡುತ್ತದೆ.

ಪ್ರಶ್ನೆ: ನಮ್ಮ ಹಸು ಕರು ಹಾಕಿ ಐದು ತಿಂಗಳಾದರೂ ಬೆದೆಗೆ ಬರಲಿಲ್ಲ. ಪಶುವೈದ್ಯರು ಹಾರ್ಮೋನಿರುವ ಒಂದು ಸಾಧನವನ್ನು ಎಂಟು ದಿನ ಯೋನಿಯೊಳಗೆ ಇಟ್ಟು ತೆಗೆದರು, ಎರಡೇ ದಿನದಲ್ಲಿ ಬೆದೆಗೆ ಬಂತು. ಅದರಲ್ಲಿರುವುದು ಗರ್ಭ ಕಾಪಾಡುವ ಹಾರ್ಮೋನು ಎಂದರು. ಹಾಗಿದ್ದರೆ ಬೆದೆ ಹೇಗೆ ಬಂತು?
— ಹೈನುಗಾರರು, ಮದ್ದೂರು

ಉತ್ತರ: ಆ ಸಾಧನದಲ್ಲಿರುವುದು ಪ್ರೊಜೆಸ್ಟರಾನ್. ಅದು ಒಳಗಿರುವಷ್ಟು ದಿನ ನಿಮ್ಮ ಹಸುವಿನ ಪಿಟ್ಯುಟರಿ ಗ್ರಂಥಿ ತಡೆಯಲ್ಲಿರುತ್ತದೆ. ತೆಗೆದೊಡನೆ ತಡೆ ಕಳಚಿ, ಬೆಳೆದು ಕಾಯುತ್ತಿದ್ದ ಕೋಶಿಕೆ ಈಸ್ಟ್ರೋಜನ್ ಸ್ರವಿಸುತ್ತದೆ, ಬೆದೆ ಬರುತ್ತದೆ. ಇದು ಅರ್ಧ ಉತ್ತರ. ಇನ್ನರ್ಧ ಗ್ರಾಹಕಗಳಿಗೆ ಸಂಬಂಧಿಸಿದ್ದು. ಕರು ಹಾಕಿದ ನಂತರ ಮೊದಲ ಬಾರಿ ಅಂಡಾಣು ಬಿಡುಗಡೆಯಾದಾಗ ಅನೇಕ ಹಸುಗಳು ಬೆದೆಯ ಲಕ್ಷಣವನ್ನೇ ತೋರುವುದಿಲ್ಲ. ಇದನ್ನು ಮೂಕ ಬೆದೆ ಎನ್ನುತ್ತಾರೆ. ಹಿಂದಿನ ಕೆಲವು ದಿನ ಪ್ರೊಜೆಸ್ಟರಾನ್ ಕಂಡಿದ್ದ ಮಿದುಳು ಈಸ್ಟ್ರೋಜನ್‌ಗೆ ಚೆನ್ನಾಗಿ ಪ್ರತಿಕ್ರಿಯಿಸುತ್ತದೆ, ಕಾಣದಿದ್ದ ಮಿದುಳು ಮಂಕಾಗಿರುತ್ತದೆ. ನಿಮ್ಮ ಪಶುವೈದ್ಯರು ಇಟ್ಟ ಸಾಧನ ಆ ಕೊರತೆಯನ್ನೂ ತುಂಬಿತು. ಗರ್ಭಕೋಶದಲ್ಲಿ ಇದಕ್ಕೆ ಜೊತೆಯಾದ ಇನ್ನೊಂದು ಏರ್ಪಾಡಿದೆ: ಈಸ್ಟ್ರೋಜನ್ ಬಂದಾಗ ಅಲ್ಲಿನ ಜೀವಕೋಶಗಳು ಪ್ರೊಜೆಸ್ಟರಾನ್ ಗ್ರಾಹಕಗಳನ್ನು ಹೆಚ್ಚಾಗಿ ತಯಾರಿಸುತ್ತವೆ, ಪ್ರೊಜೆಸ್ಟರಾನ್ ಬಂದ ಮೇಲೆ ಈಸ್ಟ್ರೋಜನ್ ಗ್ರಾಹಕಗಳು ಕಡಿಮೆಯಾಗುತ್ತವೆ. ಒಂದು ಹಾರ್ಮೋನು ತನ್ನ ಕೆಲಸ ಮುಗಿಸುವಾಗಲೇ ಮುಂದಿನದಕ್ಕೆ ಜಾಗ ಸಿದ್ಧಪಡಿಸುತ್ತದೆ. ಹೆಂಗಸರಲ್ಲೂ ಹಸುಗಳಲ್ಲೂ ಋತುಚಕ್ರ ಕ್ರಮ ತಪ್ಪದೆ ನಡೆಯುವುದಕ್ಕೆ ಇದೂ ಒಂದು ಕಾರಣ. ಮೇವಿನಲ್ಲಿ ಪೌಷ್ಟಿಕತೆಯ ಕೊರತೆಯಿದ್ದರೆ ಅಥವಾ ಗರ್ಭಕೋಶದಲ್ಲಿ ಸೋಂಕಿದ್ದರೆ ಈ ಸಾಧನದಿಂದ ಮಾತ್ರ ಗಬ್ಬ ನಿಲ್ಲದು, ಅವನ್ನು ಮೊದಲು ಸರಿಪಡಿಸಿಕೊಳ್ಳಬೇಕು.

ಪ್ರಶ್ನೆ: ಈಸ್ಟ್ರೋಜನ್ ಗ್ರಾಹಕ ಗಂಡಸರಲ್ಲೂ ಇದೆಯೇ? ಇದ್ದರೆ ಏಕೆ?
— ಓದುಗರು, ಬಳ್ಳಾರಿ

ಉತ್ತರ: ಇದೆ, ಮತ್ತು ಅದು ಅತ್ಯಗತ್ಯ. ಈ ಗ್ರಾಹಕದ ಜೀನು ಕೆಲಸ ಮಾಡದಂತೆ ಮಾಡಿದ ಇಲಿಗಳನ್ನು 1993ರಲ್ಲಿ ಅಮೆರಿಕದಲ್ಲಿ ರೂಪಿಸಿದಾಗ ಹೆಣ್ಣುಗಳಷ್ಟೇ ಅಲ್ಲ, ಗಂಡುಗಳೂ ಬಂಜೆಯಾದವು. ವೃಷಣದಿಂದ ಹೊರಟ ನಾಳಗಳಲ್ಲಿ ದ್ರವವನ್ನು ಹೀರಿಕೊಂಡು ವೀರ್ಯಾಣುಗಳನ್ನು ಸಾಂದ್ರಗೊಳಿಸುವ ಕೆಲಸ ಈಸ್ಟ್ರೋಜನ್‌ಗೆ ಸೇರಿದ್ದೆಂದು ಆಮೇಲೆ ತಿಳಿಯಿತು. ಮರುವರ್ಷವೇ ಮನುಷ್ಯರಲ್ಲಿ ಒಂದು ಪ್ರಕರಣ ವರದಿಯಾಯಿತು. 28 ವರ್ಷದ ಆ ಗಂಡಸಿನ ಎತ್ತರ 204 ಸೆಂಟಿಮೀಟರ್, ಮತ್ತು ಆತ ಇನ್ನೂ ಬೆಳೆಯುತ್ತಲೇ ಇದ್ದ. ಹದಿಹರೆಯದ ಕೊನೆಯಲ್ಲಿ ಮುಚ್ಚಿಕೊಳ್ಳಬೇಕಾದ ಮೂಳೆಗಳ ಬೆಳವಣಿಗೆಯ ಪಟ್ಟಿಗಳು ತೆರೆದೇ ಇದ್ದವು, ಮೂಳೆಗಳು ಟೊಳ್ಳಾಗಿದ್ದವು. ರಕ್ತದಲ್ಲಿ ಟೆಸ್ಟೊಸ್ಟೆರಾನ್ ಸಹಜವಾಗಿತ್ತು, ಈಸ್ಟ್ರೋಜನ್ ಇರಬೇಕಾದದ್ದಕ್ಕಿಂತ ಹೆಚ್ಚೇ ಇತ್ತು, ಅದನ್ನು ಹಿಡಿಯುವ ಗ್ರಾಹಕ ಮಾತ್ರ ದೋಷಪೂರಿತವಾಗಿತ್ತು. ಗಂಡಸಿನ ಮೂಳೆ ಗಟ್ಟಿಯಾಗುವುದು ಟೆಸ್ಟೊಸ್ಟೆರಾನ್‌ನಿಂದ ಎಂದು ಅಲ್ಲಿಯವರೆಗೆ ನಂಬಿದ್ದ ವೈದ್ಯರು, ಅದರ ಒಂದು ಪಾಲು ಈಸ್ಟ್ರೋಜನ್ ಆಗಿ ಮಾರ್ಪಟ್ಟು ಆ ಕೆಲಸ ಮಾಡುತ್ತದೆಂದು ಒಪ್ಪಬೇಕಾಯಿತು. ಸ್ತ್ರೀ ಹಾರ್ಮೋನು, ಪುರುಷ ಹಾರ್ಮೋನು ಎಂಬ ಹೆಸರುಗಳನ್ನು ನಾನೂ ಈ ಅಂಕಣದಲ್ಲಿ ಬಳಸಿದ್ದೇನೆ. ಅವು ರೂಢಿಯ ಮಾತುಗಳು, ಕಟ್ಟುನಿಟ್ಟಾದ ಸತ್ಯವಲ್ಲ.

ಪ್ರಶ್ನೆ: ಈ ಕ್ಷೇತ್ರದಲ್ಲಿ ನಮ್ಮ ನಾಡಿನಲ್ಲಿ ಏನಾದರೂ ಕೆಲಸ ನಡೆದಿದೆಯೇ?
— ಪ್ರೌಢಶಾಲಾ ಶಿಕ್ಷಕರು, ಕುಂದಾಪುರ

ಉತ್ತರ: ನಡೆದಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನಶಾಸ್ತ್ರಜ್ಞ ಪಿ. ರಾಧಾಕಾಂತ ಅಡಿಗರು ಈಸ್ಟ್ರೋಜನ್‌ನ ಪ್ರಭಾವದಿಂದ ತಯಾರಾಗುವ ಒಂದು ಪ್ರೋಟೀನನ್ನು ಹಲವು ವರ್ಷ ಅಧ್ಯಯನ ಮಾಡಿದರು. ಮೊಟ್ಟೆಯಿಡುವ ಕೋಳಿಯ ಪಿತ್ತಜನಕಾಂಗದಲ್ಲಿ ಅದು ತಯಾರಾಗಿ, ರೈಬೊಫ್ಲೇವಿನ್ ಎಂಬ ಬಿ2 ಜೀವಸತ್ವವನ್ನು ಹೊತ್ತು ರಕ್ತದ ಮೂಲಕ ಮೊಟ್ಟೆಗೆ ತಲುಪಿಸುತ್ತದೆ. ಹುಟ್ಟಿನಿಂದಲೇ ಈ ಪ್ರೋಟೀನು ಇಲ್ಲದ ಕೋಳಿಗಳುಂಟು. ಅವು ಇಟ್ಟ ಮೊಟ್ಟೆಯಲ್ಲಿ ಮರಿ ಬೆಳೆಯತೊಡಗಿ, ಸುಮಾರು ಹದಿಮೂರನೆಯ ದಿನಕ್ಕೆ ಬಿ2 ಸಾಲದೆ ಸಾಯುತ್ತದೆ. ನಿಮ್ಮ ತರಗತಿಯಲ್ಲಿ ಹೇಳಲು ಯೋಗ್ಯವಾದ ಸಂಗತಿ ಇನ್ನೊಂದಿದೆ. ಹುಂಜದ ರಕ್ತದಲ್ಲಿ ಈ ಪ್ರೋಟೀನು ಇರುವುದಿಲ್ಲ, ಆದರೆ ಹುಂಜಕ್ಕೆ ಈಸ್ಟ್ರೋಜನ್ ಚುಚ್ಚಿದರೆ ಅದರ ಪಿತ್ತಜನಕಾಂಗವೂ ಇದನ್ನು ತಯಾರಿಸತೊಡಗುತ್ತದೆ. ಜೀನೂ ಗ್ರಾಹಕವೂ ಅದರಲ್ಲಿ ಮೊದಲಿನಿಂದಲೇ ಇದ್ದವು, ಬರಬೇಕಾದ ಹಾರ್ಮೋನು ಮಾತ್ರ ಬಂದಿರಲಿಲ್ಲ. ಅಡಿಗರ ತಂಡ ಇದೇ ಬಗೆಯ ಪ್ರೋಟೀನನ್ನು ಬಸುರಿ ಇಲಿಗಳಲ್ಲೂ ಕಂಡುಹಿಡಿದು, ಪ್ರತಿಕಾಯಗಳಿಂದ ಅದನ್ನು ತಡೆದರೆ ತಾಯಿಗೆ ಹೊರನೋಟಕ್ಕೆ ತೊಂದರೆಯಾಗದಿದ್ದರೂ ಗರ್ಭ ಉಳಿಯುವುದಿಲ್ಲವೆಂದು ತೋರಿಸಿತು.